ಕ್ಲಾಸಿನಲ್ಲಿ ಆಂಟಿ, ವಾರ್ಡಿನಲ್ಲಿ ಸಿಸ್ಟರ್

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ವಯಸ್ಸಿಗೆ ಒಂದು ವಿಚಿತ್ರ ಲೆಕ್ಕವಿದೆ. ಹದಿನೆಂಟಕ್ಕೆ ‘ಇನ್ನೂ ಮದುವೆ ಆಗಲಿಲ್ಲವೇ?’ ಎಂದು ಕೇಳುವವರೇ ಮೂವತ್ತಕ್ಕೆ ‘ಇನ್ನೇನು ಓದು, ಮಕ್ಕಳನ್ನು ಓದಿಸಿದರೆ ಸಾಕು’ ಎನ್ನುತ್ತಾರೆ. ಒಂದು ಕೆಲಸಕ್ಕೆ ಅವಳು ಸದಾ ತಡ ಮಾಡಿದವಳು, ಇನ್ನೊಂದಕ್ಕೆ ಸದಾ ಕಾಲ ಮೀರಿದವಳು. ಈ ಎರಡು ಮಾತುಗಳ ನಡುವೆ ಅವಳದೇ ಎನ್ನಬಹುದಾದ ಕಾಲ ಎಷ್ಟು ಉಳಿಯುತ್ತದೆ ಎಂದು ಯಾರೂ ಲೆಕ್ಕ ಹಾಕಿದಂತಿಲ್ಲ. ಗಂಡುಮಕ್ಕಳ ವಿಷಯದಲ್ಲಿ ಹೀಗಿಲ್ಲ. ಇಪ್ಪತ್ತು ವರ್ಷ ಸೌದಿಯಲ್ಲಿ ದುಡಿದು ನಲವತ್ತೈದಕ್ಕೆ ಊರಿಗೆ ಬಂದು ಹೊಸ ವ್ಯಾಪಾರ ಹಿಡಿದವನನ್ನು ನಾವು ಹಿಮ್ಮತ್ತಿನ ಮನುಷ್ಯ ಎಂದು ಹೊಗಳುತ್ತೇವೆ. ಮೂವತ್ತೊಂದಕ್ಕೆ ಪುಸ್ತಕ ಹಿಡಿದ ಹೆಣ್ಣಿಗೆ ಮಾತ್ರ ಅಂತಹ ಒಳ್ಳೆಯ ಶಬ್ದ ಒಂದೂ ಸಿಗುವುದಿಲ್ಲ.

ನಮ್ಮ ಖಾಲಾನ ಮಗಳೊಬ್ಬಳು ಮೂವತ್ತೊಂದನೆಯ ವಯಸ್ಸಿಗೆ ನರ್ಸಿಂಗ್ ಶಾಲೆಗೆ ಸೇರಿದಳು. ತನ್ನ ಹೆಸರು ಬರೆಯಬೇಡಿ ಎಂದಿದ್ದಾಳೆ. ನಮಗಿಂತ ಚಿಕ್ಕವಳಾದ್ದರಿಂದ ತಂಗಿ ಎಂದೇ ಕರೆಯೋಣ. ಕಥೆ ಬರೆಯುವ ನಮಗೆ ಇವಳನ್ನು ಕಥೆಯಾಗಿಸುವ ಆಸೆ ಹಲವು ಸಲ ಆಗಿದ್ದುಂಟು. ಆದರೆ ಕಥೆಯಾದರೆ ಅದಕ್ಕೊಂದು ಗೆಲುವನ್ನೋ ಸೋಲನ್ನೋ ಕೊಟ್ಟು ಮುಗಿಸಬೇಕಾಗುತ್ತದೆ. ಇವಳದು ಹಾಗೆ ಮುಗಿಯುವ ವಿಷಯವಲ್ಲ.

ತಂಗಿ ಹುಟ್ಟಿ ಬೆಳೆದದ್ದು ಹರಿಹರದಲ್ಲಿ. ಖಾಲೂ, ಅಂದರೆ ಅವಳ ತಂದೆ, ಕಿರ್ಲೋಸ್ಕರ್ ಕಾರ್ಖಾನೆಯಲ್ಲಿದ್ದರು. 1941ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಶುರುವಾದ ಆ ಮೈಸೂರು ಕಿರ್ಲೋಸ್ಕರ್‌ನ ಲೇತ್ ಯಂತ್ರಗಳು ದೇಶದ ಮೂಲೆಮೂಲೆಗೂ ಹೋಗುತ್ತಿದ್ದವು. ಹರಿಹರದ ಗಡಿಯಾರವೇ ಆ ಕಾರ್ಖಾನೆಯ ಸೈರನ್ ಆಗಿತ್ತು. ಉರ್ದು ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಪಾಸಾದ ತಂಗಿ ಮುಂದೆ ಓದಬೇಕೆಂದು ಎರಡು ವರ್ಷ ಕೇಳಿದಳು. ಸಂಬಳ ಸರಿಯಾಗಿ ಬರದಾದ ದಿನಗಳು. ದಾವಣಗೆರೆ ಜಿಲ್ಲೆಯಾದ 1997ರಲ್ಲೇ ಅವಳ ನಿಕಾಹ್ ಆಯಿತು. ಅದಾಗಿ ಕೆಲವೇ ವರ್ಷಗಳಲ್ಲಿ ಕಾರ್ಖಾನೆಯೂ ಬಾಗಿಲು ಹಾಕಿತು. ಖಾಲೂ ಕೊನೆಯವರೆಗೂ ಬೆಳಿಗ್ಗೆ ಏಳಕ್ಕೆ ಬೂಟು ಹಾಕಿಕೊಂಡು ಪಡಸಾಲೆಯಲ್ಲಿ ಕೂರುತ್ತಿದ್ದರು.

ಗಂಡನ ಮನೆ ದಾವಣಗೆರೆ. ಹರಿಹರದಿಂದ ಹದಿನಾಲ್ಕು ಕಿಲೋಮೀಟರ್. ಬಟ್ಟೆಯ ಗಿರಣಿಗಳಿಂದ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು, ಗಿರಣಿಗಳು ಒಂದೊಂದಾಗಿ ನಿಂತ ಮೇಲೆ ಕಾಲೇಜುಗಳ ಊರಾಯಿತು. ಜೆ.ಜೆ.ಎಂ. ಮೆಡಿಕಲ್ ಕಾಲೇಜು 1965ರಷ್ಟು ಹಿಂದಿನದು. ಹೊಸ ಶತಮಾನದ ಆರಂಭದಲ್ಲಿ ರಾಜ್ಯದ ಬೇರೆ ಊರುಗಳಂತೆ ಇಲ್ಲಿಯೂ ನರ್ಸಿಂಗ್ ಶಾಲೆಗಳ ಬೋರ್ಡುಗಳು ಏರಿದವು, ಕೇರಳದ ಹುಡುಗಿಯರು ರೈಲಿಳಿದು ಬಂದರು. ಆದರೆ ಊರಿನ ಇನ್ನೊಂದು ಬದಿಯಲ್ಲಿ ಆಜಾದ್ ನಗರ, ಬಾಷಾ ನಗರದ ಕಡೆಯ ಮಂಡಕ್ಕಿ ಭಟ್ಟಿಗಳಲ್ಲಿ ಕಾದ ಮರಳಿನ ಮುಂದೆ ನಿಂತವರ ಮನೆಗಳಿಗೆ ಆ ಬೋರ್ಡುಗಳು ತಮಗಾಗಿ ಅಲ್ಲ ಎಂದೇ ಅನಿಸುತ್ತಿತ್ತು. ತಂಗಿಯ ಗಂಡ ಅಂತಹದೇ ಒಂದು ಭಟ್ಟಿಯಲ್ಲಿ ದುಡಿಯುವವನು. ಮಾತು ಕಡಿಮೆ. ಮಗಳು 1998ರಲ್ಲಿ, ಮಗ 2001ರಲ್ಲಿ.

2003ರಲ್ಲಿ ಅತ್ತೆಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ನಾಲ್ಕು ವರ್ಷ ಆಕೆ ಮಂಚದ ಮೇಲೆ, ತಂಗಿ ಮಂಚದ ಬಳಿ. ಆಸ್ಪತ್ರೆಯಿಂದ ಮನೆಗೆ ಕರೆತರುವ ದಿನ ಒಬ್ಬ ಹಿರಿಯ ನರ್ಸ್ ಬಾಯಿಮಾತಿನಲ್ಲಿ ಅವಳಿಗೆ ಹೇಳಿಕೊಟ್ಟದ್ದು ಒಂದೇ ಪಾಠ: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸು, ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ, ಭುಜದ ಮೂಳೆಯಲ್ಲಿ ಚರ್ಮ ಕೆಂಪಾಯಿತೇ ಎಂದು ದಿನವೂ ನೋಡು, ಕೆಂಪಾದ ಕಡೆ ಉಜ್ಜಬೇಡ, ಭಾರ ತಪ್ಪಿಸು. ತಂಗಿ ಅಜಾನಿನ ಹೊತ್ತುಗಳ ನಡುವೆ ಗಡಿಯಾರ ನೋಡಿಕೊಂಡು ಇದನ್ನು ನಾಲ್ಕು ವರ್ಷ ಮಾಡಿದಳು. 2007ರಲ್ಲಿ ಅತ್ತೆ ತೀರಿಕೊಂಡಾಗ ಗುಸ್ಲ್ ಮಾಡಿಸಲು ಬಂದ ಹೆಂಗಸರು ಬೆನ್ನನ್ನು ನೋಡಿ, ಇಷ್ಟು ವರ್ಷ ಮಲಗಿದವರ ಮೈಮೇಲೆ ಒಂದು ಹುಣ್ಣೂ ಇಲ್ಲವಲ್ಲ ಎಂದು ಬೆರಗಾದರು. ಆ ಮಾತು ಅವಳಿಗೆ ಯಾವ ಸರ್ಟಿಫಿಕೇಟಿಗೂ ಕಡಿಮೆಯಾಗಿರಲಿಲ್ಲ. ನರ್ಸ್ ಆಗಬೇಕು ಎಂದು ಅವಳು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅತ್ತೆಯ ಚೆಹಲಂ ಕಳೆದ ಮೇಲೆ, ಗಂಡನ ಮುಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಮ್ಮೀಕು ದೇಖೀ ನಾ ತೂ’ ಎಂದನಂತೆ. ಅಮ್ಮನನ್ನು ನೋಡಿಕೊಂಡವಳು ನೀನು ತಾನೇ ಎಂಬುದೇ ಅವನ ಒಪ್ಪಿಗೆ.

ಆದರೆ ಒಪ್ಪಿಗೆಯಿಂದ ಶಾಲೆಯ ಬಾಗಿಲು ತೆರೆಯುವುದಿಲ್ಲ. ಜನರಲ್ ನರ್ಸಿಂಗ್, ಅಂದರೆ ಜಿ.ಎನ್.ಎಂ. ಕೋರ್ಸಿಗೆ ಪಿ.ಯು.ಸಿ. ಆಗಿರಬೇಕು, ಅದರಲ್ಲಿ ಇಂಗ್ಲಿಷ್ ಇರಬೇಕು. ಕಲಾ ವಿಭಾಗದಲ್ಲಿ ಓದಿದವರಿಗೂ ಅವಕಾಶವಿದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಂತೆ ಸೇರುವವರ ವಯಸ್ಸು ಹದಿನೇಳು ತುಂಬಿರಬೇಕು, ಮೂವತ್ತೈದು ಮೀರಿರಬಾರದು. ಈ ಕೊನೆಯ ಸಾಲನ್ನು ಓದಿದ ಮೇಲೆ ತಂಗಿ ವರ್ಷಗಳನ್ನು ಬೆರಳಿನಲ್ಲಿ ಎಣಿಸತೊಡಗಿದಳು. ಖಾಸಗಿ ಅಭ್ಯರ್ಥಿಯಾಗಿ ಪಿ.ಯು.ಸಿ. ಕಟ್ಟಿದಳು. ಇಂಗ್ಲಿಷಿನಲ್ಲಿ ಒಂದು ಸಲ ಹೋಯಿತು. ಮತ್ತೆ ಕಟ್ಟಿದಳು. 2010ರಲ್ಲಿ ಪಾಸಾಗಿ ಆ ವರ್ಷವೇ ಶಾಲೆಗೆ ಸೇರಿದಳು. ಆಗ ಅದು ಮೂರೂವರೆ ವರ್ಷದ ಕೋರ್ಸು, ಈಗ ಮೂರು ವರ್ಷಕ್ಕೆ ಇಳಿದಿದೆ.

ಫೀಸಿಗಾಗಿ ಎರಡು ಬಳೆ ಹೋದವು. ಉಳಿದದ್ದಕ್ಕೆ ಒಂದು ಜಕಾತ್ ಕಮಿಟಿಯ ಮುಂದೆ ಅರ್ಜಿ ಹಿಡಿದು ನಿಂತಾಗ ನಾವೂ ಜೊತೆಗಿದ್ದೆವು. ಇಂಜಿನಿಯರಿಂಗ್ ಓದುವ ಹುಡುಗರಿಗೆ ಅಲ್ಲಿ ಹಣ ಸಿಗುತ್ತಿತ್ತು, ಅದು ಒಳ್ಳೆಯದೇ. ತಂಗಿಯ ಅರ್ಜಿ ನೋಡಿದ ಹಿರಿಯರು ನಯವಾಗಿಯೇ ಕೇಳಿದ ಪ್ರಶ್ನೆಗಳು ಮೂರು. ಈ ವಯಸ್ಸಿನಲ್ಲಿ ಯಾಕೆ? ರಾತ್ರಿ ಡ್ಯೂಟಿ ಇರುತ್ತದಲ್ಲ? ಗಂಡಸರ ಮೈ ಮುಟ್ಟಬೇಕಾಗುತ್ತದಲ್ಲ? ಹಣ ಸಿಗಲಿಲ್ಲ. ಆದರೆ ಪ್ರಶ್ನೆಗಳು ಉಳಿದವು. ಅವು ಆ ಒಂದು ಕಮಿಟಿಯದಷ್ಟೇ ಅಲ್ಲ, ನಮ್ಮೆಲ್ಲರ ಮನೆಗಳ ಪ್ರಶ್ನೆಗಳು. ಆದ್ದರಿಂದ ಉತ್ತರ ಹುಡುಕುವುದು ನಮಗೂ ಬಿದ್ದ ಕೆಲಸ.

ಮೂರನೆಯ ಪ್ರಶ್ನೆಯಿಂದಲೇ ಆರಂಭಿಸೋಣ. ನಮ್ಮ ಇತಿಹಾಸದಲ್ಲಿ ರುಫೈದಾ ಅಲ್ ಅಸ್ಲಮಿಯ್ಯಾ ಎಂಬ ಮಹಿಳೆಯ ಹೆಸರಿದೆ. ಮದೀನಾದ ಮಸೀದಿಯ ಆವರಣದಲ್ಲಿಯೇ ಆಕೆಯ ಡೇರೆ ಇತ್ತು. ಕಂದಕ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್‌ರನ್ನು ಆರೈಕೆಗಾಗಿ ಪ್ರವಾದಿಯವರು ಕಳುಹಿಸಿದ್ದು ಆ ಡೇರೆಗೆ. ಉಮ್ಮು ಅತಿಯ್ಯಾ ಏಳು ಯುದ್ಧಗಳಲ್ಲಿ ಜೊತೆಗಿದ್ದು ಗಾಯಾಳುಗಳ ಸೇವೆ ಮಾಡಿದ್ದನ್ನು, ರುಬಯ್ಯಿಅ್ ಬಿಂತ್ ಮುಅವ್ವಿದ್ ನೀರು ಕೊಟ್ಟು, ಗಾಯಕ್ಕೆ ಮದ್ದು ಹಾಕಿ, ಗಾಯಗೊಂಡವರನ್ನು ಮದೀನಾಕ್ಕೆ ಸಾಗಿಸುತ್ತಿದ್ದುದನ್ನು ಹದೀಸ್ ಗ್ರಂಥಗಳೇ ದಾಖಲಿಸಿವೆ. ಅವರ ಮುಂದೆ ಇದ್ದ ಗಾಯಾಳುಗಳು ಗಂಡಸರೇ. ಜುಮಾ ಬಯಾನಿನಲ್ಲಿ ಈ ಹೆಂಗಸರ ಶೌರ್ಯವನ್ನು ಕೇಳಿ ಕಣ್ಣು ಒದ್ದೆ ಮಾಡಿಕೊಳ್ಳುವ ನಾವು, ಮಸೀದಿಯಿಂದ ಹೊರಬಂದು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಅದನ್ನು ಮರೆಯುತ್ತೇವೆ. ನಮ್ಮ ತಾಯಂದಿರ ಹೆರಿಗೆಗೆ ಹೆಣ್ಣು ನರ್ಸೇ ಬೇಕು ಎಂದು ಹಠ ಹಿಡಿಯುವವರೂ ನಾವೇ, ನಮ್ಮ ಹೆಣ್ಣುಮಕ್ಕಳು ನರ್ಸ್ ಆಗುವುದು ಬೇಡ ಎನ್ನುವವರೂ ನಾವೇ. ಹಾಗಾದರೆ ಯಾರ ಮನೆಯ ಮಗಳು ರಾತ್ರಿ ಎಚ್ಚರವಿರಬೇಕು?

ಹರಿಹರದ ಆರೋಗ್ಯಮಾತೆ ಚರ್ಚಿಗೆ ಸೆಪ್ಟೆಂಬರ್ ಹಬ್ಬದಲ್ಲಿ ಎಲ್ಲ ಜಾತಿ, ಮತದವರೂ ಹೋಗುತ್ತಾರೆ. ಅಲ್ಲಿಯ ಕನ್ಯಾಸ್ತ್ರೀಯರನ್ನು ಚಿಕ್ಕಂದಿನಿಂದ ನೋಡಿದ್ದ ಖಾಲಾ, ತಂಗಿಯ ತಾಯಿ, ಈ ಚರ್ಚೆಯಲ್ಲಿ ತಮ್ಮದೊಂದು ಮಾತು ಹೇಳಿದರು: ‘ಅವರೂ ತಲೆ ಮುಚ್ಚಿಕೊಂಡೇ ಸೇವೆ ಮಾಡ್ತಾರಲ್ಲ, ಅವರನ್ನು ಯಾರೂ ವಯಸ್ಸು ಕೇಳಲ್ಲ.’ ನರ್ಸ್‌ಗಳನ್ನು ನಾವು ‘ಸಿಸ್ಟರ್’ ಎಂದು ಕರೆಯುವ ರೂಢಿ ಬಂದದ್ದೇ ಆಸ್ಪತ್ರೆಗಳಲ್ಲಿ ಸೇವೆ ಮಾಡುತ್ತಿದ್ದ ಸನ್ಯಾಸಿನಿಯರಿಂದ. ಖಾಲಾಗೆ ಆ ಚರಿತ್ರೆ ಗೊತ್ತಿರಲಿಲ್ಲ, ಅದರ ಸಾರ ಗೊತ್ತಿತ್ತು.

ಇನ್ನು ವಯಸ್ಸಿನ ಪ್ರಶ್ನೆ. ನರ್ಸಿಂಗ್ ಶಾಲೆಗಳಲ್ಲಿ ದೀಪ ಹಿಡಿದು ಪ್ರತಿಜ್ಞೆ ಸ್ವೀಕರಿಸುವ ಸಮಾರಂಭ ನಡೆಯುತ್ತದೆ. ಆ ದೀಪ ಯಾರ ನೆನಪಿಗೋ ಆ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು 1820ರಲ್ಲಿ. 1845ರಲ್ಲಿ ಆಸ್ಪತ್ರೆಯಲ್ಲಿ ಕೆಲಸ ಕಲಿಯುತ್ತೇನೆ ಎಂದಾಗ ಶ್ರೀಮಂತ ತಂದೆತಾಯಿ ಬಿಡಲಿಲ್ಲ. ಮರ್ಯಾದಸ್ಥರ ಮನೆಯ ಹೆಣ್ಣು ಮಾಡುವ ಕೆಲಸವೇ ಇದು, ಎಂಬ ಮಾತು ಆಕೆಯ ಮನೆಯಲ್ಲೂ ಇತ್ತು. ಕೊನೆಗೆ ಜರ್ಮನಿಯ ಕೈಸರ್ಸ್‌ವರ್ಥ್‌ನಲ್ಲಿ ಮೂರು ತಿಂಗಳ ತರಬೇತಿಗೆ ಕುಳಿತದ್ದು 1851ರಲ್ಲಿ, ಮೂವತ್ತೊಂದನೆಯ ವಯಸ್ಸಿಗೆ. ನಮ್ಮ ತಂಗಿಯ ವಯಸ್ಸೇ! 1854ರ ನವೆಂಬರಿನಲ್ಲಿ ಮೂವತ್ತೆಂಟು ಮಹಿಳೆಯರೊಂದಿಗೆ ಆಕೆ ಹೋಗಿ ಇಳಿದದ್ದು ಇಸ್ತಾಂಬುಲ್ಲಿನ ಉಸ್ಕುದಾರ್‌ನಲ್ಲಿ, ಉಸ್ಮಾನಿಯಾ ಸೈನ್ಯದ ಬ್ಯಾರಕ್ಕನ್ನು ಆಸ್ಪತ್ರೆ ಮಾಡಿದ್ದ ಕಟ್ಟಡಕ್ಕೆ. ಚಿತ್ರಗಳಲ್ಲಿ ಆಕೆಯ ಕೈಗೆ ಅಲ್ಲಾವುದ್ದೀನನ ದೀಪದಂತಹುದನ್ನು ಕೊಡುತ್ತಾರೆ. ನಿಜವಾಗಿ ಅಲ್ಲಿ ಆಕೆ ಬಳಸಿದ್ದು ಮಡಿಚಬಹುದಾದ ತುರ್ಕಿ ಲಾಂದ್ರ, ಫಾನೂಸ್. ಉರ್ದು ಓದಿದವರಿಗೆಲ್ಲ ಬಾಲ್ಯದಿಂದ ಗೊತ್ತಿರುವ ಶಬ್ದ! 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ಶಾಲೆ ಶುರುವಾದಾಗ ತರಬೇತಿಗೆ ಸೇರುವವರಿಗೆ ತಕ್ಕ ವಯಸ್ಸು ಎಂದು ಅದರ ನಿಯಮಗಳಲ್ಲಿ ಹೇಳಿದ್ದು ಇಪ್ಪತ್ತೈದರಿಂದ ಮೂವತ್ತೈದು. ಎಂದರೆ ಇಂದು ನಾವು ತಡ ಎನ್ನುವ ವಯಸ್ಸು ಆಧುನಿಕ ನರ್ಸಿಂಗ್ ಹುಟ್ಟಿದಾಗ ಸರಿಯಾದ ವಯಸ್ಸಾಗಿತ್ತು. ಹದಿನೇಳು, ಹದಿನೆಂಟು ಎಂಬುದು ಆಮೇಲೆ, ಶಾಲೆ ಕಾಲೇಜುಗಳ ತರಗತಿಗಳ ಲೆಕ್ಕಕ್ಕೆ ಹೊಂದಿಕೊಂಡು ಬಂದದ್ದು.

ಅಷ್ಟು ದೂರ ಹೋಗುವುದೂ ಬೇಡ. ದಾವಣಗೆರೆಯ ನಡುವೆ ಹಾದುಹೋಗುವ ಪಿ.ಬಿ. ರಸ್ತೆಯ ಆ ಕೊನೆಯಲ್ಲಿ ಪುಣೆಯಿದೆ. ಅಲ್ಲಿ ರಮಾಬಾಯಿ ರಾನಡೆಯವರ ನೇತೃತ್ವದಲ್ಲಿ 1909ರಲ್ಲಿ ಆರಂಭವಾದ ಸೇವಾಸದನ, ವಿಧವೆಯರನ್ನೂ ಗೃಹಿಣಿಯರನ್ನೂ ಓದಿಸಿ ಸಾಸೂನ್ ಆಸ್ಪತ್ರೆಗೆ ನರ್ಸಿಂಗ್ ತರಬೇತಿಗೆ ಕಳುಹಿಸಿತು. ಮೈಲಿಗೆಯ ಭಯ, ಜನರ ಮಾತಿನ ಭಯ ಎರಡನ್ನೂ ಆ ಹೆಂಗಸರು ದಾಟಬೇಕಾಯಿತು. ಸ್ವಾತಂತ್ರ್ಯದ ನಂತರ ದುರ್ಗಾಬಾಯಿ ದೇಶಮುಖ್ ಅಧ್ಯಕ್ಷರಾಗಿದ್ದ ಕೇಂದ್ರ ಸಮಾಜ ಕಲ್ಯಾಣ ಮಂಡಳಿ 1958ರಲ್ಲಿ ವಯಸ್ಕ ಮಹಿಳೆಯರಿಗಾಗಿ ಸಂಕ್ಷಿಪ್ತ ಶಿಕ್ಷಣ ಕೋರ್ಸುಗಳನ್ನು ತಂದಿತು. ಅರ್ಧಕ್ಕೆ ಓದು ಬಿಟ್ಟವರು ಬೇಗ ಪರೀಕ್ಷೆ ಮುಗಿಸಿ ನರ್ಸ್, ಶಿಕ್ಷಕಿ, ಗ್ರಾಮಸೇವಿಕೆಯರಾಗಲಿ ಎಂಬುದೇ ಅದರ ಉದ್ದೇಶ. ತಡವಾಗಿ ಬಂದವರಿಗೆ ಜಾಗ ಬಿಡುವುದು ಒಂದು ಕಾಲಕ್ಕೆ ಈ ದೇಶದ ನೀತಿಯೇ ಆಗಿತ್ತು ಎಂಬುದನ್ನು ನೆನಪಿಸಿಕೊಳ್ಳಬೇಕು.

ಇನ್ನು ತಂಗಿಯ ಶಾಲೆ. ತರಗತಿಯಲ್ಲಿ ಎಲ್ಲರೂ ಹದಿನೆಂಟು, ಹತ್ತೊಂಬತ್ತರವರು. ಮೊದಲ ದಿನ ಇವಳು ಒಳಗೆ ಬಂದಾಗ ಟ್ಯೂಟರ್ ಎಂದುಕೊಂಡು ಎದ್ದು ನಿಂತರಂತೆ. ಆಮೇಲೆ ನಕ್ಕರು. ಅಂದಿನಿಂದ ಇವಳ ಹೆಸರು ಆಂಟಿ. ಆ ಹೆಸರಿನಲ್ಲಿ ಕುಹಕವೂ ಇತ್ತು, ಪ್ರೀತಿಯೂ ಇತ್ತು, ಯಾವ ದಿನ ಯಾವುದು ಎಂದು ಹೇಳುವಂತಿರಲಿಲ್ಲ. ಅವಳಿಗೆ ನಿಜವಾದ ಕಷ್ಟ ಕೊಟ್ಟದ್ದು ಹೆಸರಲ್ಲ, ಇಂಗ್ಲಿಷ್. ಅಂಗರಚನಾ ಶಾಸ್ತ್ರ, ಸೂಕ್ಷ್ಮಜೀವಿ ಶಾಸ್ತ್ರ, ಮನಃಶಾಸ್ತ್ರ ಎಲ್ಲವೂ ಇಂಗ್ಲಿಷಿನಲ್ಲಿ. ಉರ್ದುವಿನಲ್ಲಿ ಬಲದಿಂದ ಎಡಕ್ಕೆ ಓದಿ ಬೆಳೆದ ಕಣ್ಣು ‘ಸ್ಟರ್ನೊಕ್ಲೈಡೊಮಾಸ್ಟಾಯ್ಡ್’ ಎಂಬ ಕತ್ತಿನ ಒಂದು ಸ್ನಾಯುವಿನ ಹೆಸರನ್ನು ದಾಟುವಷ್ಟರಲ್ಲಿ ಗಂಟೆ ಹೊಡೆದಿರುತ್ತಿತ್ತು. ಅವಳು ಅಂತಹ ಶಬ್ದಗಳನ್ನು ಉರ್ದು ಲಿಪಿಯಲ್ಲಿ ಬರೆದುಕೊಂಡು, ಕನ್ನಡದಲ್ಲಿ ಅರ್ಥ ಬರೆದು, ಇಂಗ್ಲಿಷಿನಲ್ಲಿ ಉರು ಹೊಡೆಯುತ್ತಿದ್ದಳು. ಆ ನೋಟು ಪುಸ್ತಕವನ್ನು ನಾವು ನೋಡಿದ್ದೇವೆ. ಮೂರು ಲಿಪಿಗಳು ಒಂದೇ ಸಾಲಿನಲ್ಲಿ ಎರಡು ದಿಕ್ಕಿನಿಂದ ಬಂದು ಸೇರುತ್ತಿದ್ದವು. ಪಕ್ಕದ ಬೆಂಚಿನ ಕೋಟ್ಟಯಂ ಕಡೆಯ ಹುಡುಗಿ ಸ್ಪೆಲ್ಲಿಂಗ್ ತಿದ್ದುತ್ತಿದ್ದಳು. ಅದಕ್ಕೆ ಬದಲಾಗಿ ತಂಗಿ ಅವಳಿಗೆ ವಾರ್ಡಿನ ಕನ್ನಡ ಕಲಿಸಿದಳು.

ವಾರ್ಡಿನ ಕನ್ನಡ ಎಂಬುದು ಪುಸ್ತಕದಲ್ಲಿ ಸಿಗುವುದಿಲ್ಲ. ಜಗಳೂರಿನ ಮುದುಕ ‘ಎದ್ಯಾಗ ಕಳಕ್ ಅಂತೈತಿ’ ಎಂದರೆ ಏನು, ಹೊನ್ನಾಳಿಯ ಹೆಂಗಸು ‘ಕೈಕಾಲು ಜೋಮು ಹಿಡಿತಾವ’ ಎಂದರೆ ಏನು, ಬಾಷಾ ನಗರದ ಅಮ್ಮ ‘ಜೀ ಘಬ್ರಾರಾ’ ಎಂದಾಗ ಅದು ಬರೀ ಗಾಬರಿಯೋ ಅಥವಾ ಎದೆಯ ತೊಂದರೆಯೋ, ಇವನ್ನು ತಿಳಿಯಲು ಹತ್ತಾರು ಮನೆಗಳ ಅಡುಗೆಮನೆಯಲ್ಲಿ ಕೂತು ಎದ್ದಿರಬೇಕು. ಅದು ಮೂವತ್ತರ ಹೆಂಗಸಿಗೆ ಇರುವ ವಿದ್ಯೆ. ಔಷಧಿಯ ಲೆಕ್ಕವೂ ಹಾಗೆಯೇ. ಐದು ಮಿ.ಲೀ.ನಲ್ಲಿ 500 ಮಿ.ಗ್ರಾಂ ಇದ್ದರೆ 300 ಮಿ.ಗ್ರಾಂಗೆ ಎಷ್ಟು ಮಿ.ಲೀ. ಎಂಬ ಲೆಕ್ಕಕ್ಕೆ ಹುಡುಗಿಯರು ಸೂತ್ರ ಹುಡುಕುವಾಗ ಸೇರು, ಪಾವಿನಲ್ಲಿ ಮಂಡಕ್ಕಿ ಅಳೆದು ರೂಪಾಯಿಗೆ ಸರಿಹೊಂದಿಸಿದ್ದ ತಂಗಿ ಮೂರು ಎಂದುಬಿಡುತ್ತಿದ್ದಳು. ಕೈ ತೊಳೆಯುವ ಪಾಠದಲ್ಲಿ ಬೆರಳ ತುದಿಯಿಂದ ಮೊಣಕೈವರೆಗೆ, ಬೆರಳ ಸಂದಿ ಬಿಡದೆ ತೊಳೆಯಬೇಕು ಎಂದಾಗ ಅದು ಅವಳ ಕೈಗೆ ವುಝೂವಿನ ದಾರಿ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಮಾತ್ರ ನೀರು ಮೊಣಕೈಯಿಂದ ಕೆಳಗೆ ಬೀಳುವಂತೆ ಕೈ ಮೇಲೆತ್ತಿಯೇ ಇರಬೇಕು ಎಂಬುದನ್ನು ಹೊಸದಾಗಿ ಕಲಿತಳು.

ಎರಡನೆಯ ವರ್ಷ ಅವರ ತಂಡದ ಎದುರಿಗೆ ವಾರ್ಡಿನಲ್ಲಿ ಒಬ್ಬ ವೃದ್ಧೆ ತೀರಿಕೊಂಡಳು. ಸಾವನ್ನು ಎಂದೂ ಹತ್ತಿರದಿಂದ ನೋಡದ ಹುಡುಗಿಯರು ಗೋಡೆಗೆ ಅಂಟಿಕೊಂಡರು. ಒಬ್ಬಳು ಅಳತೊಡಗಿದಳು. ಸತ್ತವರ ಕಣ್ಣು ಮುಚ್ಚುವುದು, ದವಡೆಗೆ ಬಟ್ಟೆ ಕಟ್ಟುವುದು, ಕೈಕಾಲು ನೇರ ಮಾಡುವುದು, ಮೈ ಒರೆಸಿ ಮರ್ಯಾದೆಯಿಂದ ಹೊದಿಸುವುದು ನರ್ಸಿಂಗ್ ಪಠ್ಯದ ಒಂದು ಅಧ್ಯಾಯ. ತಂಗಿ ಅದನ್ನು ಓದುವ ಮೊದಲೇ ಅತ್ತೆಯ ಗುಸ್ಲಿನಲ್ಲಿ ಮಾಡಿದ್ದಳು. ತಾನೇ ಮುಂದೆ ಹೋಗಿ, ಅಳುತ್ತಿದ್ದವಳ ಕೈಯನ್ನು ತನ್ನ ಕೈಯೊಳಗೆ ಹಿಡಿದು ಕಣ್ಣು ಮುಚ್ಚಿಸಿದಳಂತೆ. ಆ ವೃದ್ಧೆ ಲಂಬಾಣಿ ಹೆಂಗಸು. ಅವಳ ಮಗಳು ಹೊರಗಿಂದ ಬಂದು, ತಾಯಿಯ ಸೆರಗು ಸರಿಯಾಗಿ ಹೊದಿಸಿದ್ದನ್ನು ನೋಡಿ ‘ಸಿಸ್ಟರ್’ ಎಂದು ಇವಳ ತೋಳು ಹಿಡಿದು ಅತ್ತಳು. ತರಗತಿಯಲ್ಲಿ ಆಂಟಿಯಾಗಿದ್ದವಳಿಗೆ ಆ ಹೆಸರು ದಕ್ಕಿದ ದಿನ ಅದು.

ಹಾಗೆಂದು ವಯಸ್ಸಾದವರು ಎಲ್ಲವನ್ನೂ ಬಲ್ಲವರು ಎಂದು ಹೇಳಿದರೆ ತಂಗಿಯೇ ಒಪ್ಪುವುದಿಲ್ಲ. ಮನೆಯಲ್ಲಿ ಕಲಿತದ್ದರಲ್ಲಿ ಎಷ್ಟನ್ನು ಬಿಡಬೇಕಾಯಿತು ಎಂಬುದನ್ನೂ ಅವಳು ಹೇಳುತ್ತಾಳೆ. ಅತ್ತೆಗೆ ಮಲಗಿಸಿಯೇ ಗಂಜಿ ಕುಡಿಸುತ್ತಿದ್ದಳು. ಪಾರ್ಶ್ವವಾಯು ಆದವರಿಗೆ ನುಂಗುವ ಶಕ್ತಿ ಕುಂದಿರುತ್ತದೆ, ಮಲಗಿಸಿ ಕುಡಿಸಿದರೆ ಶ್ವಾಸಕೋಶಕ್ಕೆ ಇಳಿಯಬಹುದು, ಬೆನ್ನು ಎತ್ತಿ ಕೂರಿಸಿ ಚಮಚ ಚಮಚವಾಗಿ ಕೊಡಬೇಕು ಎಂದು ತರಗತಿಯಲ್ಲಿ ಕೇಳಿದ ದಿನ ಅವಳು ಊಟ ಮಾಡಲಿಲ್ಲ. ಎಚ್ಚರ ತಪ್ಪಿದವರ ಬಾಯಿಗೆ ಝಮ್‌ಝಮ್ ಆದರೂ ಸರಿ, ನೀರು ಬಿಡಬಾರದು. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟು ಹಚ್ಚಬಾರದು, ಹರಿಯುವ ತಣ್ಣೀರು ಬಿಡಬೇಕು. ಹದಿನೆಂಟರ ಹುಡುಗಿ ಖಾಲಿ ಹಲಗೆಯ ಮೇಲೆ ಬರೆಯುತ್ತಾಳೆ, ಮೂವತ್ತೊಂದರವಳು ಅಳಿಸಿ ಬರೆಯಬೇಕು. ಅದಕ್ಕೆ ಹೆಚ್ಚು ಧೈರ್ಯ ಬೇಕು. ಮೈಯೂ ಹದಿನೆಂಟರದಲ್ಲ. ಹನ್ನೆರಡು ಗಂಟೆಯ ರಾತ್ರಿ ಡ್ಯೂಟಿ ಮುಗಿಸಿ, ಮನೆಗೆ ಬಂದು ರೊಟ್ಟಿ ಬೇಯಿಸಿ, ಮಧ್ಯಾಹ್ನ ತರಗತಿಯಲ್ಲಿ ಕಣ್ಣು ತೆರೆದುಕೊಂಡೇ ನಿದ್ದೆ ಹೋಗುತ್ತಿದ್ದಳು. ಮೊದಲ ವರ್ಷ ಒಂದು ವಿಷಯದಲ್ಲಿ ಫೇಲಾಗಿ ಪೂರಕ ಪರೀಕ್ಷೆ ಕಟ್ಟಿದಳು. ರಾತ್ರಿ ಡ್ಯೂಟಿಯ ವಾರಗಳಲ್ಲಿ ಮಕ್ಕಳು ಹರಿಹರದಲ್ಲಿ ಖಾಲಾನ ಬಳಿ. ಖಾಲಾ ಇಲ್ಲದಿದ್ದರೆ ಈ ಓದು ಒಂದು ತಿಂಗಳೂ ನಡೆಯುತ್ತಿರಲಿಲ್ಲ. ತಡವಾಗಿ ಓದುವ ಪ್ರತಿ ಹೆಂಗಸಿನ ಹಿಂದೆ ತಾನು ಓದದ ಇನ್ನೊಬ್ಬ ಹೆಂಗಸು ಇರುತ್ತಾಳೆ.

2014ರಲ್ಲಿ ತಂಗಿ ಕೋರ್ಸು ಮುಗಿಸಿದಳು. ಅದೇ ವರ್ಷ ಮಗಳು ಎಸ್.ಎಸ್.ಎಲ್.ಸಿ. ಪಾಸಾದಳು. ಒಂದೇ ಬಲ್ಬಿನ ಕೆಳಗೆ ಓದಿದವರು. ಈ ಜಾಗದಲ್ಲಿ ಕಥೆಗಾರರು ಪೆನ್ನು ಕೆಳಗಿಡುತ್ತಾರೆ. ಆದರೆ ತಡವಾಗಿ ಬಂದುದರ ಬೆಲೆ ಕಟ್ಟಬೇಕಾದದ್ದು ಆಮೇಲೆಯೇ.

ಆಗ ಅವಳಿಗೆ ಮೂವತ್ತೈದು. ಖಾಸಗಿ ನರ್ಸಿಂಗ್ ಹೋಮಿನಲ್ಲಿ ಮೊದಲ ಸಂಬಳ ಆರು ಸಾವಿರ. ಜೊತೆಯ ಹುಡುಗಿಯರು ಬೆಂಗಳೂರಿಗೆ, ಕೊಲ್ಲಿಗೆ, ಇನ್ನೂ ದೂರಕ್ಕೆ ಹೋದರು. ಮಕ್ಕಳನ್ನು ಬಿಟ್ಟು ಇವಳು ಹೋಗುವಂತಿರಲಿಲ್ಲ. ಉಳಿದದ್ದು ಸರ್ಕಾರಿ ನೌಕರಿಯ ಆಸೆ. ರಾಜ್ಯದ ನೇಮಕಾತಿ ನಿಯಮದಲ್ಲಿ ಸಾಮಾನ್ಯ ವರ್ಗಕ್ಕೆ ಮೂವತ್ತೈದು, 2ಬಿ ಸೇರಿದಂತೆ ಹಿಂದುಳಿದ ವರ್ಗಗಳಿಗೆ ಮೂವತ್ತೆಂಟು, ಪರಿಶಿಷ್ಟರಿಗೆ ಮತ್ತು ಪ್ರವರ್ಗ-1ಕ್ಕೆ ನಲವತ್ತು ಎಂಬ ಮಿತಿಯಿತ್ತು. ಅವಳ ಪಾಲಿಗೆ ಇದ್ದದ್ದು ಮೂರೇ ವರ್ಷ. ಆ ಮೂರು ವರ್ಷಗಳಲ್ಲಿ ಒಂದು ಸಲ ಅರ್ಜಿ ಹಾಕಿದಳು, ಆಗಲಿಲ್ಲ. 2017ಕ್ಕೆ ಆ ಬಾಗಿಲು ಮುಚ್ಚಿತು. ವಿಧವೆಯರಿಗೆ ಆ ನಿಯಮಗಳಲ್ಲಿ ಹತ್ತು ವರ್ಷದ ಸಡಿಲಿಕೆಯಿದೆ, ಅದು ನ್ಯಾಯವೇ. ಆದರೆ ಗಂಡ ಬದುಕಿದ್ದು, ಮಕ್ಕಳನ್ನು ಹೆತ್ತು, ಹಾಸಿಗೆ ಹಿಡಿದ ಅತ್ತೆಯನ್ನು ನಾಲ್ಕು ವರ್ಷ ಸಾಕಿ ತಡವಾದವಳಿಗೆ ಒಂದು ದಿನದ ಸಡಿಲಿಕೆಯೂ ಇಲ್ಲ. ಆ ನಾಲ್ಕು ವರ್ಷ ಅವಳು ಮಾಡಿದ್ದು ನರ್ಸಿನ ಕೆಲಸವನ್ನೇ. ಸರ್ಕಾರದ ಲೆಕ್ಕದಲ್ಲಿ ಅದು ಕಳೆದುಹೋದ ವಯಸ್ಸು ಮಾತ್ರ.

ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸಂಬಳದ ಬಗ್ಗೆ 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಮಿತಿ ರಚಿಸಲು ಹೇಳಿತು. ಐವತ್ತಕ್ಕಿಂತ ಕಡಿಮೆ ಹಾಸಿಗೆಗಳ ಆಸ್ಪತ್ರೆಯಲ್ಲೂ ತಿಂಗಳಿಗೆ ಇಪ್ಪತ್ತು ಸಾವಿರಕ್ಕೆ ಕಡಿಮೆ ಇರಬಾರದು ಎಂದು ಆ ಸಮಿತಿ ಶಿಫಾರಸು ಮಾಡಿತು. ಆ ಸುದ್ದಿ ಬಂದ ದಿನ ಅವಳ ನರ್ಸಿಂಗ್ ಹೋಮಿನಲ್ಲಿ ಎಲ್ಲರೂ ಪತ್ರಿಕೆಯನ್ನು ಓದಿ, ಮಡಿಚಿ, ಡ್ಯೂಟಿಗೆ ಹೋದರು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಇದ್ದ ನರ್ಸ್‌ಗಳು ಸುಮಾರು 2 ಕೋಟಿ 79 ಲಕ್ಷ, ಕೊರತೆ 59 ಲಕ್ಷ. ನರ್ಸ್‌ಗಳಲ್ಲಿ ನೂರಕ್ಕೆ ತೊಂಬತ್ತು ಮಂದಿ ಹೆಂಗಸರು. ಇಷ್ಟು ಕೊರತೆ ಇರುವ ಕೆಲಸಕ್ಕೆ ಇಷ್ಟು ಕಡಿಮೆ ಕೂಲಿ ಯಾಕೆ ಎಂಬ ಪ್ರಶ್ನೆಗೆ ಆ ತೊಂಬತ್ತು ಎಂಬ ಅಂಕಿಯೇ ಅರ್ಧ ಉತ್ತರ.

ಅದೇ 2020ರ ಏಪ್ರಿಲ್ ಕೊನೆಯಲ್ಲಿ ಕೊರೋನಾದಿಂದ ದಾವಣಗೆರೆಯ ಬಾಷಾ ನಗರ, ಜಾಲಿ ನಗರಗಳನ್ನು ಸೀಲ್‌ಡೌನ್ ಮಾಡಿದರು. ಟಿ.ವಿ.ಯಲ್ಲಿ ನಮ್ಮವರ ಹೆಸರು ರೋಗದ ಹೆಸರಿನ ಜೊತೆ ಸೇರಿಕೊಂಡಿದ್ದ ದಿನಗಳು. ತರಕಾರಿ ಗಾಡಿಯವನ ಹೆಸರು ಕೇಳಿ ಕೊಳ್ಳುವ ಹೊತ್ತು. ಗಲ್ಲಿಗಳಲ್ಲಿ ಹೆದರಿಕೆ, ಸಿಟ್ಟು ಎರಡೂ ಇದ್ದವು. ಗಂಟಲು ದ್ರವ ಕೊಡಲು ಹೋದರೆ ವಾಪಸು ಬರುವುದಿಲ್ಲ ಎಂಬ ಗುಸುಗುಸು. ತಂಗಿ ಡ್ಯೂಟಿ ಮುಗಿಸಿ ಬಂದು, ಮನೆಯ ಹೊರಗಿನ ಕಟ್ಟೆಯ ಮೇಲೆ ದೂರ ಕುಳಿತು, ದಖ್ಖನಿಯಲ್ಲಿ ಒಬ್ಬೊಬ್ಬರಿಗೂ ವಿವರಿಸುತ್ತಿದ್ದಳು. ಯಾವ ಲಕ್ಷಣಕ್ಕೆ ಹೆದರಬೇಕು, ಯಾವುದಕ್ಕೆ ಬೇಡ, ಮನೆಯಲ್ಲಿ ಮುದುಕರನ್ನು ಹೇಗೆ ಬೇರೆ ಮಲಗಿಸಬೇಕು ಎಂದು. ಹೊರಗಿನಿಂದ ಬಂದವರ ಮಾತಿಗೆ ಬಾಗಿಲು ಮುಚ್ಚಿದವರು ಇವಳ ಮಾತಿಗೆ ತೆರೆದರು. ಮೊಹಲ್ಲಾದ ಗಂಡಸರಲ್ಲಿ ಒಬ್ಬರು ತಮ್ಮ ತಾಯಿಯ ಆಕ್ಸಿಜನ್ ಎಷ್ಟಿದೆ ನೋಡು ಬಾ ಎಂದು ರಾತ್ರಿ ಹನ್ನೊಂದಕ್ಕೆ ಕರೆಯಲು ಬಂದರು. ರಾತ್ರಿ ಡ್ಯೂಟಿಯ ಬಗ್ಗೆ ಅಂದು ಯಾರೂ ಪ್ರಶ್ನೆ ಕೇಳಲಿಲ್ಲ.

ಈಗ ಅವಳು ಹರಿಹರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ವಾರ್ಡಿನ ಹೊಣೆ ಹೊತ್ತಿದ್ದಾಳೆ. ದಿನವೂ ದಾವಣಗೆರೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಸಂಬಳ ಇಂದಿಗೂ ಹೇಳಿಕೊಳ್ಳುವಂತಹದಲ್ಲ. ಆದರೆ ಮಗಳ ಓದಿಗೆ ಆ ಸಂಬಳವೇ ಆಯಿತು, ಬಳೆಗಳನ್ನು ಮತ್ತೆ ಮಾಡಿಸಲಾಗಲಿಲ್ಲ.

ನಾವು ಇದನ್ನು ಬರೆಯಲು ಒಂದು ಕಾರಣವಿದೆ. 2022ರ ಫೆಬ್ರವರಿಯಲ್ಲಿ ಹಿಜಾಬಿನ ವಿವಾದ ಹರಿಹರ, ದಾವಣಗೆರೆಯ ಕಾಲೇಜು ಅಂಗಳಗಳಿಗೂ ಬಂತು. ಆಗ ಓದು ಅರ್ಧಕ್ಕೆ ನಿಂತ ಹುಡುಗಿಯರು ನಮ್ಮ ಪರಿಚಯದ ಮನೆಗಳಲ್ಲೇ ಇದ್ದಾರೆ. ಹದಿನೇಳರಲ್ಲಿದ್ದವರು ಇಂದು ಇಪ್ಪತ್ತು ದಾಟಿದ್ದಾರೆ. ಕೆಲವರ ಕಂಕುಳಲ್ಲಿ ಮಗುವಿದೆ. ಅವರ ಪರವಾಗಿ ಮತ್ತು ವಿರುದ್ಧವಾಗಿ ಘೋಷಣೆ ಕೂಗಿದವರೆಲ್ಲ ತಂತಮ್ಮ ಕೆಲಸಕ್ಕೆ ಮರಳಿದ್ದಾರೆ. ಆ ಹುಡುಗಿಯರಿಗೆ ಮಾತ್ರ ಮರಳುವ ದಾರಿಯನ್ನು ಯಾರೂ ತೋರಿಸಿಲ್ಲ. ಅವರಿಗೆ ಈ ಕೆಲವು ಮಾತುಗಳು ಗೊತ್ತಿರಲಿ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಮಟ್ಟದ ಪರೀಕ್ಷೆ ಕಟ್ಟಲು ಗರಿಷ್ಠ ವಯಸ್ಸಿನ ಮಿತಿಯಿಲ್ಲ. ನರ್ಸಿಂಗ್ ಶಾಲೆಯ ಬಾಗಿಲು ಮೂವತ್ತೈದರವರೆಗೆ ತೆರೆದಿದೆ. ಎರಡು ವರ್ಷದ ಎ.ಎನ್.ಎಂ. ಕೋರ್ಸೂ ಇದೆ. ಇಪ್ಪತ್ತೊಂದು ತಡವಲ್ಲ, ಇಪ್ಪತ್ತೆಂಟೂ ತಡವಲ್ಲ. ಆದರೆ ನೌಕರಿಯ ಮಿತಿಯನ್ನೂ ನೆನಪಿಟ್ಟು, ನಿಶ್ಚಯ ಮಾಡಿದ ವರ್ಷವೇ ಅರ್ಜಿ ಹಾಕುವುದು ಲೇಸು.

ನಮ್ಮ ಜಮಾಅತುಗಳ ಹಿರಿಯರಿಗೂ ಒಂದು ಮಾತು. ಜಕಾತಿನ ಹಣದಲ್ಲಿ ಒಂದು ಪಾಲು ಮದುವೆಯಾದ, ಮಕ್ಕಳಿರುವ, ಓದು ನಿಂತ ಹೆಂಗಸರ ಹೆಸರಿಗೆ ತೆಗೆದಿಡಿ. ಅರ್ಜಿ ಹಿಡಿದು ಬಂದವಳನ್ನು ‘ಈ ವಯಸ್ಸಿನಲ್ಲಿ ಯಾಕೆ?’ ಎಂದು ಕೇಳಬೇಡಿ. ‘ರಾತ್ರಿ ಡ್ಯೂಟಿಯ ದಿನ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ?’ ಎಂದು ಕೇಳಿ, ಅದಕ್ಕೊಂದು ಏರ್ಪಾಡು ಮಾಡಿ. ಮಸೀದಿಯ ಅಂಗಳದಲ್ಲಿ ರುಫೈದಾಳ ಡೇರೆಗೆ ಜಾಗ ಸಿಕ್ಕಿತ್ತು. ಅವಳ ವಯಸ್ಸೆಷ್ಟು ಎಂದು ಯಾರಾದರೂ ಕೇಳಿದ ದಾಖಲೆಯನ್ನು ನಾವಂತೂ ಓದಿಲ್ಲ.